ಏಳು ಸೆಂಟಿಮೀಟರ್ ತಂತಿ, ನಾನೂರು ಕಿಲೋಮೀಟರ್ ಆಕಾಶ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಒಂದು ಪಿವಿಸಿ ಪೈಪ್ ನಿಂತಿದೆ. ಅದರ ತುದಿಯಲ್ಲಿ ಏಳು ಸೆಂಟಿಮೀಟರಿಗೂ ಒಂದು ಕೂದಲೆಳೆ ಕಡಿಮೆ ಇರುವ ತಾಮ್ರದ ತಂತಿ. ಕೊಚ್ಚಿಯ ಮೇಲೆ ಎತ್ತರದಲ್ಲಿ ಹಾರುವ ವಿಮಾನದ ಮಾತು ಆ ತಂತಿಗೆ ಕೇಳಿಸುತ್ತದೆ. ಮಂಗಳೂರು ದಾಟಿ ಸಮುದ್ರದ ಮೇಲೆ ಹೋದ ವಿಮಾನದ್ದೂ ಕೇಳಿಸುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಯಾವ ಆ್ಯಪ್ ಕೂಡ ಬೇಡ. ವಿಮಾನ ಹೇಳುತ್ತದೆ, ತಂತಿ ಕೇಳುತ್ತದೆ, ಅಷ್ಟೇ.

ಫೋನಿನಲ್ಲಿ ವಿಮಾನಗಳ ನಕ್ಷೆ ನೋಡಿದವರಿಗೆ ಇದೆಲ್ಲ ಯಾವುದೋ ದೊಡ್ಡ ರೇಡಾರಿನ ಕೆಲಸ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ನಿಜ ಏನೆಂದರೆ ಆ ನಕ್ಷೆಯ ದೊಡ್ಡ ಪಾಲು ಇಂಥ ಸಾವಿರಾರು ಚಾವಣಿಗಳಿಂದಲೇ ಬರುತ್ತದೆ. ಅದರಲ್ಲಿ ಒಂದನ್ನು ನಾವೇ ಕಟ್ಟಬಹುದು. ಕಟ್ಟುವ ಮೊದಲು ವಿಮಾನ ಏನು ಹೇಳುತ್ತಿದೆ ಅಂತ ತಿಳಿದುಕೊಂಡರೆ, ಆಮೇಲೆ ಯಾವ ಭಾಗ ಯಾಕೆ ಬೇಕು ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ.

ಕೇಳದಿದ್ದರೂ ಹೇಳುವ ವಿಮಾನ

ಮೊದಲ ಕಾಲದ ರೇಡಾರ್ ಬಾವಿಯಲ್ಲಿ ಕೂಗಿದ ಹಾಗೆ. ಕೂಗು ಹೋಗಿ ವಿಮಾನಕ್ಕೆ ಬಡಿದು ವಾಪಸ್ ಬರುತ್ತದೆ. ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ. ಅದು ಯಾರು ಅಂತ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮವರೋ ಶತ್ರುಗಳೋ ಅಂತ ತಿಳಿಯಲೇಬೇಕಾಯಿತು. ಹಾಗಾಗಿ ವಿಮಾನದೊಳಗೆ ಉತ್ತರ ಕೊಡುವ ಒಂದು ಪೆಟ್ಟಿಗೆ ಬಂತು. ಅದೇ ಟ್ರಾನ್ಸ್‌ಪಾಂಡರ್. ಈಗಲೂ ನೆಲದ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ, ವಿಮಾನ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ.

ಇದರ ಮುಂದಿನ ಹೆಜ್ಜೆ ಎಡಿಎಸ್-ಬಿ. ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ವಿಮಾನವೇ ಜಿಪಿಎಸ್ ನೋಡಿ ತಾನೆಲ್ಲಿದ್ದೇನೆ ಅಂತ ತಿಳಿದುಕೊಂಡು, ಅದೇ 1090 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ಎಲ್ಲರಿಗೂ ಸಾರುತ್ತದೆ. ಜಾಗವನ್ನು ಸೆಕೆಂಡಿಗೆ ಎರಡು ಸಲ, ವೇಗವನ್ನೂ ಎರಡು ಸಲ, ತನ್ನ ಹೆಸರನ್ನು ಐದು ಸೆಕೆಂಡಿಗೊಮ್ಮೆ. ಅಮೆರಿಕದಲ್ಲಿ 2020ರ ಜನವರಿ 1ರಿಂದ ಬಹುತೇಕ ನಿಯಂತ್ರಿತ ವಾಯುಪ್ರದೇಶದಲ್ಲಿ ಇದು ಕಡ್ಡಾಯ. ಇಂದು ನಮ್ಮ ತಲೆಯ ಮೇಲೆ ಹೋಗುವ ಪ್ರಯಾಣಿಕ ವಿಮಾನಗಳಲ್ಲೂ ಇದು ಸಾಮಾನ್ಯ.

ಈ ಮಾತಿಗೆ ಬೀಗವಿಲ್ಲ. ಗುಪ್ತ ಸಂಕೇತ ಇಲ್ಲ. ಹತ್ತಿರದ ವಿಮಾನಕ್ಕೂ ಕೇಳಬೇಕು, ನೆಲದಲ್ಲಿರುವವರಿಗೂ ಕೇಳಬೇಕು ಅಂತಲೇ ಅದನ್ನು ಹೀಗೆ ಮಾಡಿದ್ದಾರೆ. ನಮ್ಮ ಇಡೀ ಕೆಲಸ ನಿಂತಿರುವುದು ಈ ಬಿಚ್ಚುಮನಸ್ಸಿನ ಮೇಲೆ.

ನೂರ ಹನ್ನೆರಡು ಚಪ್ಪಾಳೆ

ಒಂದೇ ಒಂದು ಸಂದೇಶವನ್ನು ಹಿಡಿದು ನೋಡೋಣ. ಅದು ಮುಗಿಯಲು ಬೇಕಾಗುವುದು 120 ಮೈಕ್ರೊಸೆಕೆಂಡ್. ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ, ಅದರಲ್ಲಿ 120 ಚೂರು. ಮೊದಲ 8 ಚೂರಿನಲ್ಲಿ ನಾಲ್ಕು ಚಿಕ್ಕ ಮಿಡಿತಗಳು, ಯಾವಾಗಲೂ ಅದೇ ಅಂತರದಲ್ಲಿ. ‘ಗಮನ ಕೊಡಿ, ಈಗ ಶುರು’ ಅನ್ನುವ ಸೂಚನೆ ಅದು. ಆಮೇಲೆ 112 ಬಿಟ್‌ಗಳು, ಒಂದೊಂದಕ್ಕೆ ಒಂದು ಮೈಕ್ರೊಸೆಕೆಂಡ್.

0 ಮತ್ತು 1ನ್ನು ಹೇಳುವ ರೀತಿ ತುಂಬ ಸರಳ. ತಾಳ ಹಾಕುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಪ್ರತಿ ಎಣಿಕೆಯಲ್ಲೂ ಒಂದು ಚಪ್ಪಾಳೆ ಇದ್ದೇ ಇರುತ್ತದೆ. ಎಣಿಕೆಯ ಮೊದಲರ್ಧದಲ್ಲಿ ತಟ್ಟಿದರೆ 1, ಎರಡನೇ ಅರ್ಧದಲ್ಲಿ ತಟ್ಟಿದರೆ 0. ಸದ್ದು ಜೋರಾಗಿದೆಯೋ ಮೆಲ್ಲಗಿದೆಯೋ ಮುಖ್ಯವಲ್ಲ. ಯಾವ ಅರ್ಧದಲ್ಲಿ ಬಂತು ಅನ್ನುವುದು ಮಾತ್ರ ಮುಖ್ಯ. ಅದಕ್ಕೇ ಇದು ಹತ್ತಿರದ ವಿಮಾನಕ್ಕೂ ದೂರದ ವಿಮಾನಕ್ಕೂ ಒಂದೇ ಥರ ಕೆಲಸ ಮಾಡುತ್ತದೆ.

ಈ 112ರಲ್ಲಿ ಮೊದಲ 8 ಬಿಟ್ ಇದು ಯಾವ ಬಗೆಯ ಸಂದೇಶ ಅಂತ ಹೇಳುತ್ತವೆ. ಮುಂದಿನ 24 ಬಿಟ್ ಆ ವಿಮಾನದ ಗುರುತಿನ ಸಂಖ್ಯೆ. ಪ್ರತಿ ದೇಶಕ್ಕೂ ಒಂದು ಸಾಲು ಕೊಟ್ಟಿದ್ದಾರೆ. ಭಾರತದ ಸಾಲು 800000ದಿಂದ ಶುರುವಾಗುತ್ತದೆ. ಪರದೆಯ ಮೇಲೆ 80ರಿಂದ ಶುರುವಾಗುವ ಸಂಖ್ಯೆ ಕಂಡರೆ ನಮ್ಮ ದೇಶದಲ್ಲಿ ನೋಂದಾಯಿಸಿದ ವಿಮಾನ ಅಂತ ತಿಳಿಯಿರಿ. ನಡುವಿನ 56 ಬಿಟ್‌ಗಳಲ್ಲಿ ನಿಜವಾದ ಸುದ್ದಿ ಇರುತ್ತದೆ: ಜಾಗ ಅಥವಾ ವೇಗ ಅಥವಾ ಹೆಸರು. ಹೆಸರು ಅಂದರೆ ಆ ಹಾರಾಟದ ಕರೆಗುರುತು. ಇಂಡಿಗೊ ಆದರೆ ಐಜಿಒ, ಏರ್ ಇಂಡಿಯಾ ಆದರೆ ಎಐಸಿ, ಎಮಿರೇಟ್ಸ್ ಆದರೆ ಯುಎಇ, ಮುಂದೆ ಸಂಖ್ಯೆ. ಕೊನೆಯ 24 ಬಿಟ್ ಪರೀಕ್ಷೆಗೆ. ದಾರಿಯಲ್ಲಿ ಸಂದೇಶ ಕೆಟ್ಟಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ, ಆಗ ಅದನ್ನು ಬಿಸಾಡುತ್ತೇವೆ. ಎರಡು ವಿಮಾನ ಒಟ್ಟಿಗೇ ಮಾತಾಡಿ ಎರಡೂ ಕೆಡುವುದು ಇಲ್ಲಿ ದಿನನಿತ್ಯದ ವಿಷಯ. ಪರವಾಗಿಲ್ಲ, ಅರ್ಧ ಸೆಕೆಂಡಿಗೆ ಇನ್ನೊಂದು ಬರುತ್ತದೆ.

ನನಗೆ ತುಂಬ ಇಷ್ಟವಾದದ್ದು ಜಾಗ ಹೇಳುವ ಉಪಾಯ. ಇಡೀ ಭೂಮಿಯಲ್ಲಿ ತಾನೆಲ್ಲಿದ್ದೇನೆ ಅಂತ ನಿಖರವಾಗಿ ಹೇಳಲು ಜಾಸ್ತಿ ಬಿಟ್ ಬೇಕು. ಅಕ್ಷಾಂಶಕ್ಕೆ 17, ರೇಖಾಂಶಕ್ಕೆ 17, ಇಷ್ಟೇ ಇರುವುದು. ಹಾಗಾದರೆ ಏನು ಮಾಡುವುದು? ನಮ್ಮ ಹಳೆಯ ಶಾಸನಗಳನ್ನು ನೆನಪಿಸಿಕೊಳ್ಳಿ. ‘ಪ್ರಭವ ಸಂವತ್ಸರ’ ಅಂತ ಮಾತ್ರ ಬರೆದಿದ್ದರೆ ಯಾವ ವರ್ಷ ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅದರ ಜೊತೆ ತಿಥಿ ಮತ್ತು ವಾರವೂ ಇದ್ದರೆ, ಬೇರೆ ಬೇರೆ ವೇಗದಲ್ಲಿ ತಿರುಗುವ ಈ ಚಕ್ರಗಳು ಒಟ್ಟಿಗೆ ಹೊಂದುವ ದಿನವನ್ನು ಹುಡುಕಿ ಕಾಲ ಹೇಳಬಹುದು.

ವಿಮಾನವೂ ಇದನ್ನೇ ಮಾಡುತ್ತದೆ, ಅದೂ 60ರ ಲೆಕ್ಕದಲ್ಲೇ! ಅಕ್ಷಾಂಶದ ಒಂದು ಪೂರ್ತಿ ಸುತ್ತನ್ನು ಒಂದು ಸಲ 60 ಪಟ್ಟಿ ಮಾಡಿ, ಆ ಪಟ್ಟಿಯೊಳಗೆ ತಾನೆಲ್ಲಿದ್ದೇನೆ ಅಂತ ಹೇಳುತ್ತದೆ. ಯಾವ ಪಟ್ಟಿ ಅಂತ ಹೇಳುವುದಿಲ್ಲ. ಮುಂದಿನ ಸಲ 59 ಪಟ್ಟಿ ಮಾಡಿ ಅದೇ ಥರ ಹೇಳುತ್ತದೆ. ಒಂದೊಂದೇ ನೋಡಿದರೆ ಜಾಗ ಎಲ್ಲಿ ಬೇಕಾದರೂ ಇರಬಹುದು. ಎರಡನ್ನೂ ಸೇರಿಸಿದರೆ ಒಂದೇ ಜಾಗ ಹೊಂದುತ್ತದೆ. ರೇಖಾಂಶಕ್ಕೂ ಇಂಥದೇ ಲೆಕ್ಕ. 60ರ ಲೆಕ್ಕದಲ್ಲಿ ಒಂದು ಪಟ್ಟಿ 6 ಡಿಗ್ರಿ, ಸುಮಾರು 667 ಕಿಲೋಮೀಟರ್. ಅದನ್ನು 17 ಬಿಟ್‌ಗಳಿಂದ 1,31,072 ಚೂರು ಮಾಡಿದರೆ ಒಂದು ಚೂರು ಸುಮಾರು 5 ಮೀಟರ್. ಅಷ್ಟು ಸಣ್ಣ ಸಂದೇಶದಲ್ಲಿ ಇಷ್ಟು ನಿಖರತೆ! ನಮ್ಮ ಸಾಫ್ಟ್‌ವೇರಿಗೆ ಮನೆಯ ಜಾಗವನ್ನು ಮೊದಲೇ ಹೇಳಿಟ್ಟರೆ ಪಟ್ಟಿ ಯಾವುದೆಂದು ಊಹಿಸುವುದು ಸುಲಭ, ಆಗ ಒಂದೇ ಸಂದೇಶವೂ ಸಾಕಾಗುತ್ತದೆ.

ಎತ್ತರದ ವಿಷಯದಲ್ಲಿ ಹೊಸಬರಿಗೆ ಒಂದು ಗೊಂದಲ ಇದ್ದೇ ಇದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇನ್ನೇನು ಚಕ್ರ ನೆಲಕ್ಕೆ ತಾಗಬೇಕು, ಆಗಲೂ ಪರದೆ ಸುಮಾರು 3,000 ಅಡಿ ಅಂತ ತೋರಿಸುತ್ತದೆ. ತಪ್ಪಲ್ಲ ಅದು. ಆ ರನ್‌ವೇ ಇರುವುದೇ ಸಮುದ್ರ ಮಟ್ಟದಿಂದ 3,000 ಅಡಿ ಮೇಲೆ. ಇನ್ನೊಂದು ಸೂಕ್ಷ್ಮವೂ ಇದೆ. ಈ ಎತ್ತರವನ್ನು ಅಳೆಯುವುದು ಗಾಳಿಯ ಒತ್ತಡದಿಂದ, ಸಮುದ್ರ ಮಟ್ಟದಲ್ಲಿ 1013.25 ಹೆಕ್ಟೊಪಾಸ್ಕಲ್ ಇದೆ ಅಂತ ಇಟ್ಟುಕೊಂಡು. ಆ ದಿನದ ಹವೆ ಬೇರೆಯಾಗಿದ್ದರೆ ಪರದೆಯ ಅಂಕಿ ನೂರಿನ್ನೂರು ಅಡಿ ಆಚೀಚೆ ಆಗುತ್ತದೆ.

ಟಿವಿ ನೋಡಲು ಮಾಡಿದ ಕಡ್ಡಿ

ಸೆಕೆಂಡಿಗೆ ಹತ್ತು ಲಕ್ಷ ಎಣಿಕೆಯ ತಾಳವನ್ನು ಹಿಡಿಯುವ ಯಂತ್ರ ಒಂದು ಕಾಲದಲ್ಲಿ ತುಂಬ ದುಬಾರಿಯಾಗಿತ್ತು. ಅದನ್ನು ಅಗ್ಗ ಮಾಡಿದ್ದು ಟಿವಿ. ಲ್ಯಾಪ್‌ಟಾಪಿನಲ್ಲಿ ಡಿಜಿಟಲ್ ಟಿವಿ ನೋಡಲು ಪೆನ್‌ಡ್ರೈವ್‌ನಂಥ ಒಂದು ಕಡ್ಡಿ ಬರುತ್ತಿತ್ತು. ಅದರೊಳಗೆ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಅನ್ನುವ ಚಿಪ್. 2012ರಲ್ಲಿ ಆಂಟಿ ಪಾಲೊಸಾರಿ ಅನ್ನುವ ಫಿನ್‌ಲೆಂಡಿನ ಲಿನಕ್ಸ್ ಡೆವಲಪರ್, ಈ ಚಿಪ್ ರೇಡಿಯೊ ಅಲೆಯ ಕಚ್ಚಾ ಅಂಕಿಗಳನ್ನೇ ನೇರವಾಗಿ ಕಂಪ್ಯೂಟರಿಗೆ ಕಳಿಸಬಲ್ಲದು ಅಂತ ಗಮನಿಸಿದರು. ಅಲ್ಲಿಂದ ಆಟವೇ ಬದಲಾಯಿತು. ಟಿವಿ ಕಡ್ಡಿ ಯಾವ ರೇಡಿಯೊ ಬೇಕಾದರೂ ಆಗಬಹುದು ಅನ್ನುವಂತಾಯಿತು. ಇವತ್ತು ಆರ್‌ಟಿಎಲ್-ಎಸ್‌ಡಿಆರ್ ಅನ್ನುವ ಹೆಸರಿನಲ್ಲಿ ಸಿಗುವುದು ಇದೇ.

ಸ್ವಲ್ಪ ಸಮಯದಲ್ಲೇ ಸಾಲ್ವತೋರೆ ಸಾನ್‌ಫಿಲಿಪ್ಪೊ ಡಂಪ್1090 ಎಂಬ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ರೆಡಿಸ್ ಎಂಬ ಡೇಟಾಬೇಸ್ ಮಾಡಿದವರೂ ಇವರೇ. ಕಡ್ಡಿ ಸೆಕೆಂಡಿಗೆ 20 ಲಕ್ಷ ಸಲ ಅಲೆಯನ್ನು ಅಳೆಯುತ್ತದೆ. ಅಂದರೆ ಒಂದು ಬಿಟ್‌ಗೆ ಎರಡು ಅಳತೆ, ಮೊದಲರ್ಧಕ್ಕೆ ಒಂದು, ಎರಡನೇ ಅರ್ಧಕ್ಕೆ ಒಂದು. ಯಾವುದು ದೊಡ್ಡದು ಅಂತ ನೋಡಿದರೆ ಮುಗಿಯಿತು! ಈಗ ಇದರ ಹೊಸ ರೂಪಗಳು ಬಂದಿವೆ, ರೀಡ್‌ಎಸ್‌ಬಿ ಅಂಥದ್ದೊಂದು. ನಕ್ಷೆಯಲ್ಲಿ ಚೆಂದವಾಗಿ ತೋರಿಸಲು ಟಾರ್1090 ಇದೆ. ಇವೆಲ್ಲ ರಾಸ್ಪ್‌ಬೆರಿ ಪೈ 3 ಅನ್ನುವ ಹಳೆಯ ಚಿಕ್ಕ ಕಂಪ್ಯೂಟರಿನಲ್ಲಿ ಆರಾಮಾಗಿ ಓಡುತ್ತವೆ. ಮನೆಯಲ್ಲಿ ಬಳಸದ ಲ್ಯಾಪ್‌ಟಾಪ್ ಇದ್ದರೆ ಅದೂ ಸಾಕು. ಎಸ್‌ಡಿ ಕಾರ್ಡಿಗೆ ಹಾಕಿ ಓಡಿಸುವ ಸಿದ್ಧ ಪ್ಯಾಕೇಜುಗಳೂ ಸಿಗುತ್ತವೆ. ಸಾಫ್ಟ್‌ವೇರ್ ಬಗ್ಗೆ ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಅಲ್ಲಿ ಸಿಕ್ಕಿಹಾಕಿಕೊಳ್ಳುವವರು ಕಡಿಮೆ. ಸೋಲುವುದು ಚಾವಣಿಯ ಮೇಲೆ.

ತಂತಿ ಮತ್ತು ಕೇಬಲ್

ಆಂಟೆನಾದ ಅಳತೆಯನ್ನು ನೀವೇ ಲೆಕ್ಕ ಹಾಕಬಹುದು. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. 1090 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 109 ಕೋಟಿ ಅಲೆ. ಭಾಗಿಸಿದರೆ ಒಂದು ಅಲೆಯ ಉದ್ದ 27.5 ಸೆಂಟಿಮೀಟರ್. ಅದರ ಕಾಲು ಭಾಗ 6.9 ಸೆಂಟಿಮೀಟರ್. ನಮ್ಮ ತಂತಿ ಅದೇ.

ಮಾಡುವುದು ಹೀಗೆ. ಕೇಬಲ್ ಸಿಕ್ಕಿಸುವ ಕನೆಕ್ಟರಿನ ನಡುವಿನ ಪಿನ್ನಿಗೆ ಒಂದು ತಂತಿಯನ್ನು ನೆಟ್ಟಗೆ ಮೇಲಕ್ಕೆ ಬೆಸುಗೆ ಹಾಕಿ. ಹೊರಗಿನ ಲೋಹಕ್ಕೆ ಅಷ್ಟೇ ಉದ್ದದ ನಾಲ್ಕು ತಂತಿ ಹಾಕಿ, ಜೇಡನ ಕಾಲಿನ ಹಾಗೆ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಹಾಗೆ ಬಗ್ಗಿಸುವುದು ಅಂದಕ್ಕಲ್ಲ. ಕಾಲುಗಳು ಅಡ್ಡ ಇದ್ದರೆ ಆಂಟೆನಾದ ಪ್ರತಿರೋಧ 36 ಓಮ್ ಹತ್ತಿರ ಇರುತ್ತದೆ. ಬಗ್ಗಿಸಿದರೆ 50ಕ್ಕೆ ಹತ್ತಿರ ಬಂದು ಕೇಬಲ್ಲಿಗೆ ಹೊಂದುತ್ತದೆ. ವಿಮಾನದ ಅಲೆ ನೆಟ್ಟಗೆ ನಿಂತ ಅಲೆ, ಹಾಗಾಗಿ ನಮ್ಮ ತಂತಿಯೂ ನೆಟ್ಟಗೇ ಇರಬೇಕು. ಕೇಬಲ್ ತುಂಡುಗಳನ್ನು ಸಾಲಾಗಿ ಬೆಸೆದು ಮಾಡುವ ಉದ್ದನೆಯ ಆಂಟೆನಾಗಳೂ ಇವೆ. ಮೊದಲ ಸಲಕ್ಕೆ ಅದಕ್ಕೆ ಕೈ ಹಾಕಬೇಡಿ. ಪ್ರತಿ ತುಂಡಿನ ಅಳತೆಯೂ ಆ ಕೇಬಲ್ಲಿನೊಳಗೆ ಅಲೆ ಎಷ್ಟು ನಿಧಾನವಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಲ್ಲಿ ತಪ್ಪಿದರೆ ಈ ಜೇಡನಿಗಿಂತ ಕಡೆಯಾಗುತ್ತದೆ.

ನಾನು ಎಡವಿದ್ದು ಕೇಬಲ್ಲಿನಲ್ಲಿ. ಆಂಟೆನಾವನ್ನು ಟೆರೇಸಿನಲ್ಲಿಟ್ಟು, 15 ಮೀಟರ್ ತೆಳು ಕೇಬಲ್ಲನ್ನು ಕೆಳಗಿನ ಕೋಣೆಗೆ ಇಳಿಸಿದೆ. ತಲೆಯ ಮೇಲಿನ ವಿಮಾನ ಬಿಟ್ಟರೆ ಏನೂ ಕಾಣಲಿಲ್ಲ. ಆಂಟೆನಾ ಕೆಟ್ಟಿದೆ ಅಂತ ಒಂದು ವಾರ ಮತ್ತೆ ಮತ್ತೆ ಬೆಸೆದೆ. ಆಂಟೆನಾದಲ್ಲಿ ತಪ್ಪೇ ಇರಲಿಲ್ಲ. ಆರ್‌ಜಿ-58 ಅನ್ನುವ ಆ ಕೇಬಲ್ ಇಷ್ಟು ಮೇಲಿನ ಆವರ್ತನದಲ್ಲಿ ಮೀಟರಿಗೆ ಸುಮಾರು 0.6 ಡೆಸಿಬಲ್ ನುಂಗುತ್ತದೆ. 15 ಮೀಟರಿಗೆ ಹತ್ತಿರಹತ್ತಿರ 10 ಡೆಸಿಬಲ್. ಅಂದರೆ ಬಂದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಕೆಳಗೆ ತಲುಪುತ್ತಿತ್ತು. ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಹತ್ತು ಪಟ್ಟು ಕಡಿಮೆಯಾದರೆ ಕೇಳುವ ದೂರ ಮೂರನೇ ಒಂದಕ್ಕೆ ಇಳಿಯುತ್ತದೆ.

ಪರಿಹಾರ ನಮ್ಮ ಎಲ್ಲರ ಬೀದಿಯಲ್ಲೂ ಇದೆ. ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಕೇಬಲ್ ಅದೇ ದೂರಕ್ಕೆ ಸುಮಾರು 3 ಡೆಸಿಬಲ್ ಮಾತ್ರ ತಿನ್ನುತ್ತದೆ. ಅದು 75 ಓಮ್ ಕೇಬಲ್, ನಮಗೆ ಬೇಕಾದ್ದು 50 ಅಂತ ಕೆಲವರು ಹಿಂಜರಿಯುತ್ತಾರೆ. ಆ ವ್ಯತ್ಯಾಸದಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ. ಇನ್ನೂ ಒಳ್ಳೆಯದು ಅಂದರೆ ಕಡ್ಡಿ ಮತ್ತು ಪೈ ಎರಡನ್ನೂ ಆಂಟೆನಾದ ಬುಡಕ್ಕೇ ಒಯ್ಯುವುದು. ಈಗ ನನ್ನದು ಹಾಗೇ ಇದೆ. ಟ್ಯಾಂಕಿನ ನೆರಳಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ, ಕೆಳಗಡೆ ಗಾಳಿಗೆ ತೂತು, ಒಂದೇ ಈಥರ್‌ನೆಟ್ ವೈರಿನಲ್ಲಿ ಕರೆಂಟೂ ಡೇಟಾವೂ. ರೇಡಿಯೊ ಅಲೆ ಕೇಬಲ್ಲಿನಲ್ಲಿ ಸೋರುತ್ತದೆ, ಒಮ್ಮೆ ಅಂಕಿಯಾದ ಮೇಲೆ ಸೋರುವುದಿಲ್ಲ.

ಊರೊಳಗೆ ಇನ್ನೊಂದು ಕಾಟ ಮೊಬೈಲ್ ಟವರ್. ಅವುಗಳಲ್ಲಿ ಕೆಲವು 935ರಿಂದ 960 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತವೆ. ನಮ್ಮ 1090ಕ್ಕೆ ಅದು ದೂರವೇನಲ್ಲ. ಜಾತ್ರೆಯಲ್ಲಿ ಪಕ್ಕದಲ್ಲೇ ಲೌಡ್‌ಸ್ಪೀಕರ್ ಇದ್ದಾಗ ಎದುರಿನವರ ಪಿಸುಮಾತು ಕೇಳುತ್ತದೆಯೇ? ಅದಕ್ಕೆ 1090ನ್ನು ಮಾತ್ರ ಒಳಗೆ ಬಿಡುವ ಚಿಕ್ಕ ಫಿಲ್ಟರ್ ಬೇಕು. ಫ್ಲೈಟ್‌ಅವೇರ್‌ನ ಪ್ರೊ ಸ್ಟಿಕ್ ಪ್ಲಸ್‌ನಂಥ ಕಡ್ಡಿಗಳಲ್ಲಿ ಅದು ಒಳಗೇ ಇರುತ್ತದೆ. ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಹಾಕುವುದಾದರೆ ಆಂಟೆನಾದ ಹತ್ತಿರವೇ ಹಾಕಿ. ಕೇಬಲ್ಲಿನ ಕೊನೆಯಲ್ಲಿ ಹಾಕಿದರೆ ಅಷ್ಟರಲ್ಲಿ ಸೇರಿಕೊಂಡ ಗದ್ದಲವನ್ನೂ ಅದು ಜೋರು ಮಾಡುತ್ತದೆ. ಸಾಫ್ಟ್‌ವೇರಿನಲ್ಲಿ ಗೇನ್ ಅನ್ನು, ಅಂದರೆ ಕಡ್ಡಿ ಸಿಗ್ನಲ್ಲನ್ನು ಎಷ್ಟು ಜೋರು ಮಾಡಬೇಕು ಅನ್ನುವ ಅಳತೆಯನ್ನು, ತುತ್ತತುದಿಗೆ ಏರಿಸಿ ಬಿಡಬೇಡಿ. ಹತ್ತಿರದ ವಿಮಾನಗಳೇ ಮಾಯವಾಗುತ್ತಿದ್ದರೆ ಗೇನ್ ಜಾಸ್ತಿಯಾಗಿದೆ ಅಂತ ಅರ್ಥ.

ಮಳೆ ಮತ್ತು ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕನೆಕ್ಟರಿಗೆ ನೀರು ಇಳಿದರೆ ಮೊದಲ ಮುಂಗಾರಿಗೇ ಎಲ್ಲ ಮುಗಿಯುತ್ತದೆ. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಒಂದು ಸುತ್ತು ಕೆಳಗೆ ಇಳಿಬಿಟ್ಟು ಆಮೇಲೆ ಡಬ್ಬಿಯೊಳಗೆ ತನ್ನಿ, ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಟೆರೇಸಿಗೆ ಹೋಗಬೇಡಿ. ಮೋಡ ಕಟ್ಟುವ ಮೊದಲೇ ವೈರ್ ಕಳಚಿಡಿ. ಕಂಬ ಲೋಹದ್ದಾದರೆ ಅರ್ತಿಂಗ್ ಇರಲೇಬೇಕು. ಅದನ್ನು ತಿಳಿದವರಿಂದಲೇ ಮಾಡಿಸಿ.

ಎಷ್ಟು ದೂರ ಕೇಳುತ್ತದೆ

ಪ್ರಯಾಣಿಕ ವಿಮಾನದ ಟ್ರಾನ್ಸ್‌ಪಾಂಡರ್ ಮಿಡಿತದಲ್ಲಿ ನೂರಾರು ವ್ಯಾಟ್ ಶಕ್ತಿ ಇರುತ್ತದೆ. ಶಕ್ತಿಗೆ ಕೊರತೆ ಇಲ್ಲ. ಅಡ್ಡ ಬರುವುದು ಭೂಮಿಯ ಗುಂಡುತನ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ, ಸ್ವಲ್ಪ ಮಾತ್ರ ಬಾಗುತ್ತವೆ. ಲೆಕ್ಕ ಹೀಗಿದೆ: ವಿಮಾನದ ಎತ್ತರ ಮತ್ತು ಆಂಟೆನಾದ ಎತ್ತರ, ಎರಡರ ವರ್ಗಮೂಲವನ್ನೂ ಮೀಟರಿನಲ್ಲಿ ತೆಗೆದು ಕೂಡಿಸಿ, 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಬರುತ್ತದೆ. ಮೈಸೂರಿನ ನೆಲದಿಂದ ಸುಮಾರು 9,900 ಮೀಟರ್ ಮೇಲಿರುವ ವಿಮಾನಕ್ಕೆ 410 ಕಿಲೋಮೀಟರ್. ನನ್ನ 10 ಮೀಟರ್ ಎತ್ತರದ ಆಂಟೆನಾ ಅದಕ್ಕೆ ಸೇರಿಸುವುದು 13 ಕಿಲೋಮೀಟರ್ ಮಾತ್ರ.

ಹಾಗಾದರೆ ಎತ್ತರಕ್ಕೆ ಏರಿಸುವುದು ಯಾಕೆ? ಪಕ್ಕದ ಮನೆ, ತೆಂಗಿನ ಮರ, ಅಪಾರ್ಟ್‌ಮೆಂಟ್ ದಾಟಿಸಲು. ದೂರದ ವಿಮಾನ ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ಅಲ್ಲಿ ಒಂದು ಗೋಡೆ ಅಡ್ಡ ಬಂದರೂ ಸಾಕು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಕೆಂಪೇಗೌಡ ನಿಲ್ದಾಣ ನಮ್ಮ ಮನೆಯಿಂದ ಸುಮಾರು 155 ಕಿಲೋಮೀಟರ್. ಅಲ್ಲಿ ಇಳಿಯುವ ವಿಮಾನ ನೆಲದಿಂದ ಸುಮಾರು 1,200 ಮೀಟರಿಗಿಂತ ಕೆಳಗೆ ಬಂದರೆ ನನಗೆ ಕೇಳುವುದೇ ಇಲ್ಲ. ಪರದೆಯಲ್ಲಿ ಅಂಕಿ 7,000 ಅಡಿಯ ಆಸುಪಾಸಿಗೆ ಇಳಿಯುತ್ತಿದ್ದಂತೆ ಅದು ಮಾಯ. ಬೆಂಗಳೂರಿನಲ್ಲಿ ಇರುವವರಿಗೆ ರನ್‌ವೇವರೆಗೂ ಕಾಣುತ್ತದೆ, ಆದರೆ ಅವರಿಗೆ ಕೊಚ್ಚಿ ಅಷ್ಟು ಸುಲಭವಲ್ಲ. ಮಡಿಕೇರಿಯಲ್ಲಿ ಪಡುವಣಕ್ಕೆ ತೆರೆದ ಗುಡ್ಡದ ಮೇಲೆ ಮನೆ ಇದ್ದವರಿಗೆ ಅರಬ್ಬಿ ಸಮುದ್ರದ ಕಡೆ ಲೆಕ್ಕದಲ್ಲಿ 500 ಕಿಲೋಮೀಟರಿಗೂ ಜಾಸ್ತಿ ಸಿಗುತ್ತದೆ. ಒಂದು ಚಾವಣಿಗೆ ಕೇಳಿದ್ದು ಇನ್ನೊಂದಕ್ಕೆ ಕೇಳುವುದಿಲ್ಲ. ಅದಕ್ಕೇ ಸ್ವೀಡನ್ನಿನ ಫ್ಲೈಟ್‌ರೇಡಾರ್24, ಅಮೆರಿಕದ ಫ್ಲೈಟ್‌ಅವೇರ್, ಸಂಶೋಧಕರಿಗಾಗಿ ಇರುವ ಓಪನ್‌ಸ್ಕೈ ನೆಟ್‌ವರ್ಕ್ ಇವೆಲ್ಲ ಜನರ ಮನೆಗಳಿಂದ ಡೇಟಾ ಪಡೆಯುತ್ತವೆ. ನಡುಸಮುದ್ರದ ಮೇಲೆ ಮನೆಗಳಿಲ್ಲ. ಅಲ್ಲಿ 2019ರಿಂದ ಇರಿಡಿಯಂ ಉಪಗ್ರಹಗಳ ಮೇಲಿನ ಏರಿಯಾನ್ ರಿಸೀವರುಗಳು ಇದೇ 1090ರ ಮಾತನ್ನು ಮೇಲಿನಿಂದ ಕೇಳುತ್ತಿವೆ.

ಡೇಟಾ ಹಂಚುವುದು ಬಿಡುವುದು ನಿಮ್ಮ ಇಷ್ಟ. ಆದರೆ ಸೇನೆಯ ವಿಮಾನಗಳ ಓಡಾಟವನ್ನು ಹಿಡಿದು ಹರಡುವುದನ್ನು ನಾನು ಒಪ್ಪುವುದಿಲ್ಲ. ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದಕ್ಕೇ 1933ರ ಕಾಯ್ದೆ ಕಡಿವಾಣ ಹಾಕಿತ್ತು. ಅದರ ಜಾಗಕ್ಕೆಂದು 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂದಿದೆ. ನಮ್ಮದು ಕೇಳುವ ಪೆಟ್ಟಿಗೆ ಮಾತ್ರ, ಆದರೂ ಈಗಿನ ನಿಯಮವನ್ನು ವಿಚಾರಿಸಿಯೇ ಮುಂದುವರಿಯಿರಿ. ನಿಮ್ಮ ಊರಿನ ಹ್ಯಾಮ್ ರೇಡಿಯೊ ಬಳಗವನ್ನು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರನ್ನು, ಹುಡುಕಿ ಮಾತಾಡಿ. ಆಂಟೆನಾ ವಿಷಯದಲ್ಲಿ ಅವರಷ್ಟು ತಾಳ್ಮೆಯಿಂದ ಹೇಳಿಕೊಡುವವರು ಬೇರೆ ಯಾರೂ ಇಲ್ಲ.

ಎಲ್ಲ ಸರಿಯಾಗಿ ಒಂದು ವಾರ ಓಡಿದ ಮೇಲೆ ಸಾಫ್ಟ್‌ವೇರ್ ಒಂದು ಚಿತ್ರ ಕೊಡುತ್ತದೆ. ಮನೆಯ ಸುತ್ತ ಯಾವ ದಿಕ್ಕಿನಲ್ಲಿ ಎಷ್ಟು ದೂರದವರೆಗೆ ಕೇಳಿತು ಅನ್ನುವ ಗೆರೆ. ನಾನು ಒಂದು ದುಂಡನೆಯ ವೃತ್ತ ಕಾಣುತ್ತದೆ ಅಂದುಕೊಂಡಿದ್ದೆ. ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ, ಸೇಲಂ ಕಡೆಗೆ, ರೊಟ್ಟಿಯ ಅಂಚನ್ನು ಕಚ್ಚಿದ ಹಾಗೆ ಒಂದು ತುಂಡು ಇರಲಿಲ್ಲ. ಮತ್ತೆ ಕೇಬಲ್ ಅಂತ ಹೆದರಿ ಟೆರೇಸಿಗೆ ಹೋದೆ. ಆ ದಿಕ್ಕಿಗೆ ತಿರುಗಿ ನೋಡಿದರೆ ಚಾಮುಂಡಿ ಬೆಟ್ಟ.

ಲೆಕ್ಕ ಹಾಕಿದೆ. ಬೆಟ್ಟ ನಮ್ಮ ಮನೆಯಿಂದ ಸುಮಾರು 5 ಕಿಲೋಮೀಟರ್, ನಮ್ಮ ನೆಲಕ್ಕಿಂತ ಸುಮಾರು 290 ಮೀಟರ್ ಎತ್ತರ. ಅಂದರೆ ದಿಗಂತದಿಂದ ಮೂರು ಡಿಗ್ರಿಗೂ ಸ್ವಲ್ಪ ಮೇಲಿನವರೆಗೆ ಆಕಾಶ ಮುಚ್ಚಿದೆ. ಸೇಲಂ ಮೇಲೆ, 180 ಕಿಲೋಮೀಟರ್ ದೂರದಲ್ಲಿ, 35,000 ಅಡಿಯಲ್ಲಿ ಹಾರುವ ವಿಮಾನ ನಮಗೆ ಕಾಣಬೇಕಾದ ಕೋನ ಎರಡೂವರೆ ಡಿಗ್ರಿ. ಬೆಟ್ಟದ ಹಿಂದೆ! ಆ ದಿಕ್ಕಿನಲ್ಲಿ 150 ಕಿಲೋಮೀಟರಿನ ಒಳಗೆ ಬಂದ ಮೇಲೆ ಅದು ಬೆಟ್ಟದ ಮೇಲೆ ಹುಟ್ಟುತ್ತದೆ. ಆಂಟೆನಾವನ್ನು ಇನ್ನೂ ಹತ್ತು ಮೀಟರ್ ಏರಿಸಿದರೆ ಸಿಗುವುದು ಡಿಗ್ರಿಯ ಹತ್ತನೇ ಒಂದು ಭಾಗ. ಪೈಪನ್ನು ಇದ್ದ ಹಾಗೆಯೇ ಬಿಟ್ಟೆ. ಈಗ ಸಂಜೆ ಹೊತ್ತು ಆ ಕಡೆಯಿಂದ ಬರುವ ವಿಮಾನ ಪರದೆಯಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡಾಗ, ಅದು ಬೆಟ್ಟ ದಾಟಿತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.